ಬ್ರೇಕ್ ಆಯಿಲ್ ನೀರು ಕುಡಿದಾಗ

ದಸರೆಯ ರಜೆ. ಆಯುಧಪೂಜೆಗೆ ಹಾಕಿದ ಚೆಂಡುಹೂವಿನ ಹಾರ ಇನ್ನೂ ಪೂರ್ತಿ ಬಾಡದ ಕಾರಿನಲ್ಲಿ ಶಿವಮೊಗ್ಗದ ಒಂದು ಕುಟುಂಬ ಉಡುಪಿಗೆ ಹೊರಟಿದೆ ಎಂದಿಟ್ಟುಕೊಳ್ಳೋಣ. ಅಪ್ಪ, ಅಮ್ಮ, ಅಜ್ಜಿ, ಪಿಯುಸಿ ಓದುವ ಮಗಳು, ಎಂಟನೆಯ ತರಗತಿಯ ಮಗ. ಡಿಕ್ಕಿಯ ತುಂಬ ಸಾಮಾನು. ತೀರ್ಥಹಳ್ಳಿ ದಾಟಿ ಆಗುಂಬೆ ತಲುಪಿದಾಗ ಮಧ್ಯಾಹ್ನ. ಅಲ್ಲಿಂದ ಮುಂದೆ ಹದಿನಾಲ್ಕು ಕಡಿದಾದ ತಿರುವುಗಳ ಇಳಿಜಾರು. ಎದುರಿಗೆ ಮಿನಿಬಸ್ಸು ಬಂದಾಗಲೆಲ್ಲ ಬ್ರೇಕು, ಮಂಗಗಳು ಅಡ್ಡ ಬಂದಾಗಲೆಲ್ಲ ಬ್ರೇಕು. ಆದರೂ ಕಾರು ಒಂದು ಕಡೆಯೂ ಕೈಕೊಡಲಿಲ್ಲ.

ಘಟ್ಟ ಇಳಿದ ಮೇಲೆ ಸೋಮೇಶ್ವರದಲ್ಲಿ ಕಾಫಿಗೆಂದು ಹತ್ತು ನಿಮಿಷ ನಿಲ್ಲಿಸಿದರು. ಮತ್ತೆ ಹೊರಟು ರಸ್ತೆಗೆ ತಿರುಗುವಾಗ ಅಪ್ಪ ಬ್ರೇಕ್ ಒತ್ತಿದರೆ, ಪೆಡಲ್ ಹತ್ತಿಯ ದಿಂಬಿನ ಮೇಲೆ ಕಾಲಿಟ್ಟಂತೆ ಮೆತ್ತಗೆ ಕೆಳಗಿನ ಮ್ಯಾಟ್‌ವರೆಗೂ ಹೋಯಿತು. ಕಾರು ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದ್ದಾಯಿತು. ರಸ್ತೆ ಸಮತಟ್ಟಾಗಿತ್ತು, ವೇಗ ಕಡಿಮೆಯಿತ್ತು. ಹಾಗಾಗಿ ಎಲ್ಲರೂ ಬದುಕಿಕೊಂಡರು.

ಕತೆ ಇಲ್ಲಿಗೆ ಮುಗಿಯುವುದಿಲ್ಲ. ಫೋನ್ ಮಾಡಿ ಕರೆಸಿದ ಮೆಕ್ಯಾನಿಕ್ ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಆತ ಬ್ರೇಕ್ ಒತ್ತಿ ನೋಡಿದರೆ ಪೆಡಲ್ ಗಟ್ಟಿಯಾಗಿಯೇ ಇದೆ! ಎಲ್ಲಿಯೂ ಸೋರಿಕೆ ಇಲ್ಲ, ಪೈಪು ಒಡೆದಿಲ್ಲ, ಪ್ಯಾಡುಗಳು ಸವೆದಿಲ್ಲ. ‘ಎಲ್ಲ ಸರಿ ಇದೆ ಸಾರ್, ನೀವು ಗಾಬರಿಯಲ್ಲಿ ಕಾಲು ತಪ್ಪಿ ಇಟ್ಟಿರಬೇಕು’ ಎಂದು ಹೇಳಿ ಆತ ಹೊರಟರೆ ಆಶ್ಚರ್ಯವಿಲ್ಲ. ಆದರೆ ಅಪ್ಪನ ಕಾಲು ತಪ್ಪಿರಲಿಲ್ಲ. ತಪ್ಪು ಇದ್ದದ್ದು ಬಾನೆಟ್ಟಿನ ಕೆಳಗಿನ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅಲ್ಲಿಂದ ನಾಲ್ಕೂ ಚಕ್ರಗಳಿಗೆ ಹೋಗುವ ದ್ರವದಲ್ಲಿ. ಆ ದ್ರವ ಸದ್ದಿಲ್ಲದೆ ನೀರು ಕುಡಿದಿತ್ತು.

ಎಣ್ಣೆಯಲ್ಲದ ಎಣ್ಣೆ

ನಮ್ಮ ಗ್ಯಾರೇಜುಗಳಲ್ಲಿ ಇದನ್ನು ‘ಬ್ರೇಕ್ ಆಯಿಲ್’ ಎಂದೇ ಕರೆಯುತ್ತಾರೆ. ಹೆಸರಿನಲ್ಲಿ ಆಯಿಲ್ ಇದ್ದರೂ ಇದು ಎಣ್ಣೆಯಲ್ಲ. ಒಂದು ಕಾಲಕ್ಕೆ ಹರಳೆಣ್ಣೆಗೆ ಆಲ್ಕೊಹಾಲ್ ಬೆರೆಸಿದ ದ್ರವಗಳು ಬಳಕೆಯಲ್ಲಿದ್ದವು. ಇಂದಿನ ಹೆಚ್ಚಿನ ಕಾರುಗಳಲ್ಲಿರುವುದು ಗ್ಲೈಕಾಲ್ ಈಥರ್ ಎಂಬ ವರ್ಗಕ್ಕೆ ಸೇರಿದ ರಾಸಾಯನಿಕಗಳ ಮಿಶ್ರಣ. ಎಣ್ಣೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳೂ ಬಲ್ಲರು. ಎಣ್ಣೆ ನೀರಿನೊಡನೆ ಬೆರೆಯುವುದಿಲ್ಲ. ಈ ದ್ರವ ಬೆರೆಯುತ್ತದೆ. ಬೆರೆಯುವುದಷ್ಟೇ ಅಲ್ಲ, ಗಾಳಿಯಲ್ಲಿರುವ ತೇವವನ್ನು ತಾನೇ ಎಳೆದುಕೊಳ್ಳುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪಿನ ಜಾಡಿ ಏನಾಗುತ್ತದೆ? ಎರಡೇ ದಿನದಲ್ಲಿ ಉಪ್ಪು ನೀರೊಡೆಯುತ್ತದೆ. ಬೆಲ್ಲ ಕರಗಿ ಜಿನುಗುತ್ತದೆ. ಯಾರೂ ನೀರು ಹಾಕಿರುವುದಿಲ್ಲ, ಗಾಳಿಯೇ ತಂದುಕೊಟ್ಟಿರುತ್ತದೆ. ಬ್ರೇಕ್ ದ್ರವದ ಗುಣವೂ ಇಂಥದ್ದೇ. ಡಬ್ಬಿಯ ಮುಚ್ಚಳದಲ್ಲಿರುವ ಸಣ್ಣ ಗಾಳಿಕಿಂಡಿಯ ಮೂಲಕ, ಚಕ್ರದ ಬಳಿಯ ರಬ್ಬರ್ ಪೈಪುಗಳ ಮೈಯ ಮೂಲಕ ತೇವ ನಿಧಾನವಾಗಿ ಒಳಸೇರುತ್ತಲೇ ಇರುತ್ತದೆ. ಕಾರು ಓಡಿದರೂ ಸೇರುತ್ತದೆ, ಶೆಡ್ಡಿನಲ್ಲಿ ನಿಂತಿದ್ದರೂ ಸೇರುತ್ತದೆ. ‘ಕಾರನ್ನು ಹೆಚ್ಚು ಓಡಿಸುವುದೇ ಇಲ್ಲ, ಹಾಗಾಗಿ ಬದಲಿಸಬೇಕಿಲ್ಲ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ನೀರು ಹೀರದ ದ್ರವವನ್ನೇ ಏಕೆ ಬಳಸಬಾರದು? ಪ್ರಶ್ನೆ ನ್ಯಾಯವಾದದ್ದೇ. ತೇವ ಒಳಬರುವುದನ್ನು ಪೂರ್ತಿಯಾಗಿ ತಡೆಯುವುದು ಕಷ್ಟ. ದ್ರವ ಅದನ್ನು ತನ್ನಲ್ಲಿ ಬೆರೆಸಿಕೊಳ್ಳದಿದ್ದರೆ ನೀರು ಹನಿಹನಿಯಾಗಿ ಬೇರೆಯೇ ಉಳಿದು, ತಗ್ಗಿನ ಜಾಗದಲ್ಲಿ, ಎಂದರೆ ಚಕ್ರದ ಬಳಿಯ ಸಿಲಿಂಡರಿನಲ್ಲಿ ನಿಲ್ಲುತ್ತದೆ. ಅಲ್ಲಿ ತುಕ್ಕು ಹಿಡಿಸುತ್ತದೆ, ಮತ್ತು ಅಪ್ಪಟ ನೀರಾದ್ದರಿಂದ ನೂರು ಡಿಗ್ರಿಗೇ ಕುದಿಯುತ್ತದೆ. ಅದಕ್ಕಿಂತ ದ್ರವವೇ ನೀರನ್ನು ತನ್ನೊಳಗೆ ಹಂಚಿಕೊಂಡು ಇಟ್ಟುಕೊಳ್ಳುವುದು ಮೇಲು. ಆದರೆ ಹಾಗೆ ಇಟ್ಟುಕೊಳ್ಳಲು ಒಂದು ಮಿತಿಯಿದೆ.

ಪಾಸ್ಕಲ್ ಹೇಳಿದ್ದು

ಬ್ರೇಕಿನಲ್ಲಿ ದ್ರವಕ್ಕೆ ಏನು ಕೆಲಸ? ಫ್ರಾನ್ಸಿನ ಬ್ಲೇಸ್ ಪಾಸ್ಕಲ್ (1623-1662) ಕಂಡುಕೊಂಡ ನಿಯಮವನ್ನು ಪಿಯುಸಿ ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ ಎಂಬುದೇ ಆ ನಿಯಮ. ಪರೀಕ್ಷೆಯಲ್ಲಿ ಎರಡು ಅಂಕ ತಂದುಕೊಡುವ ಈ ವಾಕ್ಯದ ಮೇಲೆಯೇ ದಿನವೂ ಕೋಟ್ಯಂತರ ಜನರ ಪ್ರಾಣ ನಿಂತಿದೆ.

ಒಂದು ಲೆಕ್ಕ ನೋಡೋಣ. ಚಾಲಕ ಪೆಡಲನ್ನು 10 ಕಿಲೋಗ್ರಾಂ ತೂಕದಷ್ಟು ಬಲದಿಂದ ಒತ್ತುತ್ತಾನೆ. ಪೆಡಲ್ ಒಂದು ಸನ್ನೆಕೋಲು. ಅದು ಆ ಬಲವನ್ನು ನಾಲ್ಕು ಪಟ್ಟು ಮಾಡುತ್ತದೆ ಎಂದುಕೊಂಡರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 40 ಕಿಲೋಗ್ರಾಂ ತೂಕದ ಬಲ ಬೀಳುತ್ತದೆ. ಆ ಪಿಸ್ಟನ್ನಿನ ವಿಸ್ತೀರ್ಣ 2 ಚದರ ಸೆಂಟಿಮೀಟರ್ ಆದರೆ ದ್ರವದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 20 ಕಿಲೋಗ್ರಾಂ ಒತ್ತಡ. ಚಕ್ರದ ಬಳಿಯ ಪಿಸ್ಟನ್ 16 ಚದರ ಸೆಂಟಿಮೀಟರ್ ಇದ್ದರೆ ಅಲ್ಲಿ 320 ಕಿಲೋಗ್ರಾಂ ಬಲ! ಬೂಸ್ಟರಿನ ನೆರವು ಈ ಲೆಕ್ಕಕ್ಕೆ ಸೇರಿಲ್ಲ. ಈ ಬಲವೇ ಪ್ಯಾಡುಗಳನ್ನು ಡಿಸ್ಕಿಗೆ ಅಮುಕಿ ಕಾರನ್ನು ನಿಲ್ಲಿಸುತ್ತದೆ.

ಮೊದಲ ಕಾರುಗಳಲ್ಲಿ ಈ ಕೆಲಸವನ್ನು ಸಲಾಕೆಗಳು, ತಂತಿಗಳು ಮಾಡುತ್ತಿದ್ದವು. ನಾಲ್ಕೂ ಚಕ್ರಗಳಿಗೆ ಸಮನಾದ ಬಲ ಸಿಗುವಂತೆ ಅವನ್ನು ಹೊಂದಿಸುವುದು ಹರಸಾಹಸ. ಮುಂದೆ ವಿಮಾನ ತಯಾರಿಕೆಯಲ್ಲಿ ಹೆಸರಾದ ಲಾಕ್‌ಹೀಡ್ ಸೋದರರಲ್ಲಿ ಒಬ್ಬರಾದ ಮಾಲ್ಕಮ್ ದ್ರವದ ಬ್ರೇಕನ್ನು ರೂಪಿಸಿದರು. 1921ರ ಹೊತ್ತಿಗೆ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಇಂಥ ಬ್ರೇಕು ಬಂತು. ಅಂದಿನಿಂದ ಇಂದಿನವರೆಗೆ ತತ್ವ ಬದಲಾಗಿಲ್ಲ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಮೆಡಿಕಲ್ ಶಾಪಿನಿಂದ 5 ಮಿಲಿಲೀಟರಿನ ಒಂದು, 20 ಮಿಲಿಲೀಟರಿನ ಒಂದು ಹೊಸ ಸಿರಿಂಜ್ ತಂದು, ಸೂಜಿ ತೆಗೆದುಹಾಕಿ, ತೆಳುವಾದ ಪ್ಲಾಸ್ಟಿಕ್ ಕೊಳವೆಯಿಂದ ಎರಡನ್ನೂ ಜೋಡಿಸಬೇಕು. ಕೊಳವೆ ಮತ್ತು ಸಿರಿಂಜುಗಳಲ್ಲಿ ಗಾಳಿ ಉಳಿಯದಂತೆ ಬಣ್ಣದ ನೀರು ತುಂಬಬೇಕು. ಚಿಕ್ಕದನ್ನು ಮಗ ಒತ್ತಲಿ, ದೊಡ್ಡದನ್ನು ಅಪ್ಪ ತಡೆಯಲಿ. ಗೆಲ್ಲುವವನು ಮಗನೇ! ಈಗ ಕೊಳವೆಯಲ್ಲಿ ಒಂದಿಷ್ಟು ಗಾಳಿ ಬಿಟ್ಟು ಮತ್ತೆ ಒತ್ತಿ ನೋಡಲಿ. ಮೊದಲಿನ ಬಿಗಿ ಹೋಗಿ ಕೈಗೆ ಸ್ಪಂಜಿನ ಅನುಭವವಾಗುತ್ತದೆ. ನೀರನ್ನು ಎಷ್ಟು ಅದುಮಿದರೂ ಅದು ಕುಗ್ಗುವುದಿಲ್ಲ ಎಂದೇ ಹೇಳಬಹುದು. ಗಾಳಿ ಕುಗ್ಗುತ್ತದೆ. ಒತ್ತಿದವನ ಶ್ರಮವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಸೋಮೇಶ್ವರದಲ್ಲಿ ಆದದ್ದೂ ಇದೇ.

ಘಟ್ಟದ ಶಾಖ

ಆದರೆ ಮುಚ್ಚಿದ ಪೈಪಿನೊಳಗೆ ಗಾಳಿ ಎಲ್ಲಿಂದ ಬಂತು? ಅದು ಗಾಳಿಯಲ್ಲ, ಆವಿ.

ಬ್ರೇಕ್ ಎಂದರೆ ಚಲನೆಯನ್ನು ಶಾಖವಾಗಿ ಬದಲಿಸುವ ಸಾಧನ. 1000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 72 ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತರೆ 2 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಅದೇ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 49 ಲಕ್ಷ ಜೂಲ್! ಹದಿನೈದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ಅದರಲ್ಲಿ ಒಂದು ಭಾಗವನ್ನು ಎಂಜಿನ್ ಮತ್ತು ಗಾಳಿಯ ತಡೆ ಹಂಚಿಕೊಳ್ಳುತ್ತವೆ. ಗೇರ್ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ಬ್ರೇಕಿನ ಪಾಲು. ಉದ್ದದ ಇಳಿಜಾರಿನಲ್ಲಿ ಡಿಸ್ಕಿನ ಬಿಸಿ ಕೆಲವು ನೂರು ಡಿಗ್ರಿ ಮುಟ್ಟುತ್ತದೆ. ಪ್ಯಾಡ್ ಮತ್ತು ಪಿಸ್ಟನ್ ಮೂಲಕ ಆ ಬಿಸಿ ದ್ರವಕ್ಕೂ ತಗಲುತ್ತದೆ.

ಬ್ರೇಕ್ ದ್ರವದ ಡಬ್ಬದ ಮೇಲೆ ‘ಡಾಟ್ 3’, ‘ಡಾಟ್ 4’ ಎಂದು ಬರೆದಿರುವುದನ್ನು ನೋಡಬಹುದು. ಡಾಟ್ ಎಂದರೆ ಅಮೆರಿಕದ ಸಾರಿಗೆ ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು. ಆ ಇಲಾಖೆಯ ಮಾನದಂಡದಂತೆ ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಡಾಟ್ 4 ದ್ರವಕ್ಕೆ ಈ ಮಿತಿ 230 ಡಿಗ್ರಿ. ತೂಕದಲ್ಲಿ ನೂರಕ್ಕೆ 3.7ರಷ್ಟು ನೀರು ಸೇರಿದ ದ್ರವಕ್ಕೆ ಅದೇ ಮಾನದಂಡ ಕೇಳುವುದು ಡಾಟ್ 3ರಲ್ಲಿ 140 ಡಿಗ್ರಿ, ಡಾಟ್ 4ರಲ್ಲಿ 155 ಡಿಗ್ರಿ ಮಾತ್ರ. ಅರ್ಧ ಲೀಟರ್ ದ್ರವದಲ್ಲಿ ಇಷ್ಟು ನೀರೆಂದರೆ ನಾಲ್ಕು ಟೀ ಚಮಚಕ್ಕೂ ಕಡಿಮೆ. ಅಷ್ಟು ಸಾಕು, ಡಾಟ್ 3ರ ಕುದಿಬಿಂದು 65 ಡಿಗ್ರಿಗಳಷ್ಟು ಕೆಳಗಿಳಿಯಬಹುದು.

ಕುದಿದ ದ್ರವದಿಂದ ಹೊರಟ ಆವಿ ಗುಳ್ಳೆ ಕಟ್ಟುತ್ತದೆ. ಸಾಮಾನ್ಯ ಒತ್ತಡದಲ್ಲಿ ಒಂದು ಹನಿ ನೀರು ಆವಿಯಾದರೆ ಸುಮಾರು 1600 ಪಟ್ಟು ಜಾಗ ಬೇಡುತ್ತದೆ. ಕಾಲು ಪೆಡಲಿನ ಮೇಲಿರುವಾಗ ಒಳಗಿನ ಒತ್ತಡ ಹೆಚ್ಚಿದ್ದು ಕುದಿಯುವುದು ಕಷ್ಟ. ಪ್ರೆಷರ್ ಕುಕ್ಕರಿನಲ್ಲಿ ನೀರು ನೂರು ಡಿಗ್ರಿಗೆ ಕುದಿಯದಿರುವಂತೆಯೇ ಇದು. ಕಾಲು ತೆಗೆದೊಡನೆ ಒತ್ತಡ ಇಳಿಯುತ್ತದೆ, ಗುಳ್ಳೆ ಏಳುತ್ತದೆ. ಮುಂದಿನ ಸಲ ಒತ್ತಿದಾಗ ಪೆಡಲ್ ಕುಸಿಯುತ್ತದೆ.

ಕಾಫಿ ಕುಡಿಯಲು ನಿಂತ ಹತ್ತು ನಿಮಿಷದ ಗುಟ್ಟೂ ಇಲ್ಲಿದೆ. ಓಡುವ ಕಾರಿನ ಚಕ್ರಗಳಿಗೆ ಗಾಳಿ ಬಡಿದು ಡಿಸ್ಕ್ ಆರುತ್ತಿರುತ್ತದೆ. ನಿಂತ ಕಾರಿಗೆ ಆ ಗಾಳಿಯಿಲ್ಲ. ಕಾದ ಡಿಸ್ಕಿನ ಶಾಖ ನಿಧಾನವಾಗಿ ಒಳಕ್ಕೆ ಹರಿದು ದ್ರವವನ್ನು ಮತ್ತಷ್ಟು ಬಿಸಿ ಮಾಡುತ್ತದೆ. ಒಲೆಯಿಂದ ಇಳಿಸಿದ ಕಾವಲಿಯ ಮೇಲೆ ಬಿಟ್ಟ ದೋಸೆ ಸೀದುಹೋಗುವ ಹಾಗೆ. ಒಂದು ಗಂಟೆ ಕಳೆದ ಮೇಲೆ ಎಲ್ಲ ತಣ್ಣಗಾಗಿ, ಆವಿ ಮತ್ತೆ ದ್ರವವಾಗಿ, ಪೆಡಲ್ ಗಟ್ಟಿಯಾಗುತ್ತದೆ. ಬಂದ ಮೆಕ್ಯಾನಿಕ್‌ಗೆ ಕಳ್ಳ ಸಿಕ್ಕುವುದೇ ಇಲ್ಲ.

ಹಳೆಯ ದ್ರವದ ಅಪಾಯ ಇರುವುದೇ ಈ ಗುಣದಲ್ಲಿ. ಊರೊಳಗೆ ಶಾಲೆ, ಸಂತೆ, ಕಚೇರಿಗೆ ಓಡಾಡುವಾಗ ಅದು ಹೊಸತರಂತೆಯೇ ನಡೆದುಕೊಳ್ಳುತ್ತದೆ. ನಿಜವಾಗಿ ಬ್ರೇಕ್ ಬೇಕಾದ ದಿನ, ಕಾರು ತುಂಬ ಜನರಿದ್ದು ಘಟ್ಟ ಇಳಿಯುವ ದಿನ ಮಾತ್ರ ಕೈಕೊಡುತ್ತದೆ.

ಮನೆಯವರೆಲ್ಲ ಮಾಡಬಹುದಾದ ಪರೀಕ್ಷೆ

ದ್ರವವನ್ನು ನೋಡಲು ಮೆಕ್ಯಾನಿಕ್ ಬೇಕಿಲ್ಲ. ಕಾರು ಸಮತಟ್ಟು ನೆಲದಲ್ಲಿರಲಿ, ಎಂಜಿನ್ ತಣ್ಣಗಿರಲಿ. ಬಾನೆಟ್ ಎತ್ತಿದರೆ ಸಾಮಾನ್ಯವಾಗಿ ಚಾಲಕನ ಕಡೆ, ಗಾಜಿನ ಹತ್ತಿರ, ಒಳಗಿನದು ಮಬ್ಬಾಗಿ ಕಾಣುವ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರ ಮೇಲೆ ‘ಮಿನ್’, ‘ಮ್ಯಾಕ್ಸ್’ ಎಂಬ ಎರಡು ಗೆರೆಗಳು. ದ್ರವದ ಮಟ್ಟ ಇವೆರಡರ ನಡುವೆ ಇರಬೇಕು. ನೋಡಲು ಮುಚ್ಚಳ ತೆರೆಯಬೇಕಿಲ್ಲ, ತೆರೆದಷ್ಟೂ ತೇವಕ್ಕೆ ಬಾಗಿಲು ತೆರೆದಂತೆ.

ಮಟ್ಟ ಇಳಿದಿದ್ದರೆ ಕೂಡಲೇ ಸುರಿಯಲು ಹೊರಡಬಾರದು, ಏಕೆ ಇಳಿಯಿತೆಂದು ಕೇಳಬೇಕು. ಪ್ಯಾಡುಗಳು ಸವೆದಂತೆ ಪಿಸ್ಟನ್ನುಗಳು ಮುಂದೆ ಸರಿಯುತ್ತವೆ, ಅವುಗಳ ಹಿಂದಿನ ಜಾಗ ತುಂಬಲು ದ್ರವ ಬೇಕಾಗುತ್ತದೆ. ತಿಂಗಳುಗಟ್ಟಲೆ ಕಾಲದಲ್ಲಿ ನಿಧಾನವಾಗಿ ಇಳಿದರೆ ಅದು ಪ್ಯಾಡ್ ಸವೆತದ ಸೂಚನೆ. ದಿನಗಳಲ್ಲಿ ಇಳಿದರೆ ಸೋರಿಕೆ. ಅಂಥ ಕಾರನ್ನು ಓಡಿಸದೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಬೇಕು. ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಮೀಟರ್ ಬೋರ್ಡಿನ ಕೆಂಪು ಬ್ರೇಕ್ ದೀಪ ಆರದಿದ್ದರೆ ಮೊದಲು ನೋಡಬೇಕಾದದ್ದು ಈ ಡಬ್ಬಿಯನ್ನೇ.

ಬಣ್ಣವೂ ಒಂದಷ್ಟು ಹೇಳುತ್ತದೆ. ಹೊಸ ದ್ರವ ತೆಳು ಜೇನಿನಂತೆ ತಿಳಿಯಾಗಿರುತ್ತದೆ. ಹಳೆಯದು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಕಪ್ಪಾಗಿದ್ದರೆ ಬದಲಿಸುವ ಕಾಲ ಮೀರಿದೆ ಎಂದರ್ಥ. ಆದರೆ ತಿಳಿಯಾಗಿದೆ ಎಂದ ಮಾತ್ರಕ್ಕೆ ನಂಬುವಂತಿಲ್ಲ. ಒಳಸೇರಿದ ನೀರಿಗೆ ಬಣ್ಣವಿಲ್ಲ. ಪೆನ್ನಿನಾಕಾರದ ಪರೀಕ್ಷಕಗಳು ಅಂಗಡಿಗಳಲ್ಲಿ ಸಿಗುತ್ತವೆ. ದ್ರವದಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರಿಂದ ನೀರಿನ ಅಂಶವನ್ನು ಅಂದಾಜು ಮಾಡಿ ಅವು ದೀಪ ತೋರಿಸುತ್ತವೆ. ಅಂದಾಜಿಗೆ ಸರಿ, ಅಂತಿಮ ತೀರ್ಪಿಗಲ್ಲ. ಅದಕ್ಕಿಂತ ನಂಬಬಹುದಾದ್ದು ಕ್ಯಾಲೆಂಡರ್. ಹಲವು ತಯಾರಕರು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ. ನಿಖರ ಅವಧಿ ಕಾರಿನೊಂದಿಗೆ ಬಂದ ಕೈಪಿಡಿಯಲ್ಲಿರುತ್ತದೆ. ಕರಾವಳಿ, ಮಲೆನಾಡಿನವರು ಅದನ್ನು ಮೀರದಿರುವುದು ಲೇಸು.

ಕೊನೆಯದಾಗಿ ಪೆಡಲ್. ಎಂಜಿನ್ ಚಾಲೂ ಮಾಡಿ, ನಿಂತಲ್ಲೇ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಅದು ಒಂದೇ ಕಡೆ ಗಟ್ಟಿಯಾಗಿ ನಿಲ್ಲಬೇಕು. ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೀಲು ಸೋತಿದೆ.

ಬದಲಿಸುವುದು ಹೇಗೆ?

ಎಲ್ಲ ಕಾರುಗಳಲ್ಲೂ ಮನೆಯಲ್ಲಿ ಬದಲಿಸಲು ಹೋಗಬಾರದು. 2019ರ ಏಪ್ರಿಲ್‌ನಿಂದ ಭಾರತದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅದರ ಸೂಕ್ಷ್ಮ ಕವಾಟಗಳೊಳಗೆ ಗಾಳಿ ಹೊಕ್ಕರೆ ಹೊರತೆಗೆಯಲು ಕಂಪ್ಯೂಟರ್ ಸಾಧನ ಬೇಕಾಗಬಹುದು. ವಿದ್ಯುತ್ ಕಾರು, ಹೈಬ್ರಿಡ್‌ಗಳ ಕ್ರಮವೇ ಬೇರೆ. ಇಂಥವುಗಳನ್ನು ವರ್ಕ್‌ಶಾಪಿಗೆ ಬಿಡುವುದೇ ಜಾಣತನ. ಹಳೆಯ ಸರಳ ಕಾರುಗಳಲ್ಲೂ ಒಮ್ಮೆ ಅನುಭವಿ ಮೆಕ್ಯಾನಿಕ್ ಜೊತೆ ನಿಂತು ಮಾಡಿದವರಷ್ಟೇ ಮನೆಯಲ್ಲಿ ಕೈಹಾಕಬೇಕು. ಆದರೂ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದಿರುವುದು ಎಲ್ಲರಿಗೂ ಒಳ್ಳೆಯದು. ಗ್ಯಾರೇಜಿನಲ್ಲಿ ಎದುರಿಗೆ ನಿಂತು ನೋಡುವಾಗ ಅದು ನೆರವಾಗುತ್ತದೆ.

ಮೊದಲು ಸಾಮಗ್ರಿ. ಕೈಪಿಡಿಯಲ್ಲಿ ಅಥವಾ ಮುಚ್ಚಳದ ಮೇಲೆ ಹೇಳಿರುವ ದರ್ಜೆಯ ದ್ರವ, ಸೀಲ್ ಒಡೆಯದ ಡಬ್ಬ, ಸುಮಾರು ಒಂದು ಲೀಟರ್. ಬೆಲೆ ಕೆಲವು ನೂರು ರೂಪಾಯಿ. ಹಿಂದೆಂದೋ ತೆರೆದು ಕಪಾಟಿನಲ್ಲಿಟ್ಟ ಡಬ್ಬ ಎಷ್ಟೇ ತುಂಬಿದ್ದರೂ ಬೇಡ. ಡಾಟ್ 5 ಎಂಬುದು ಸಿಲಿಕೋನ್ ಜಾತಿಯದು, ಉಳಿದವುಗಳ ಜೊತೆ ಬೆರೆಸಬಾರದು. ಹೆಸರು ಹತ್ತಿರವಿದ್ದರೂ ಡಾಟ್ 5.1 ಬೇರೆ, ಅದು ಗ್ಲೈಕಾಲ್ ಜಾತಿಯದು. ಎಂಜಿನ್ ಆಯಿಲನ್ನಂತೂ ಒಂದು ಹನಿಯೂ ಹಾಕಬಾರದು. ಬ್ರೇಕಿನ ರಬ್ಬರ್ ಸೀಲುಗಳು ಅದರಲ್ಲಿ ಉಬ್ಬಿ ಕೆಡುತ್ತವೆ. ‘ಆಯಿಲ್’ ಎಂಬ ಹೆಸರೇ ಮೋಸಗೊಳಿಸುವುದು ಇಲ್ಲಿ.

ಇದಲ್ಲದೆ ರಿಂಗ್ ಸ್ಪ್ಯಾನರ್, ಪಾರದರ್ಶಕ ಕೊಳವೆ, ಒಂದು ಬಾಟಲಿ, ದೊಡ್ಡ ಸಿರಿಂಜ್, ಕೈಗವಸು, ಕಣ್ಣಿಗೆ ಕನ್ನಡಕ ಬೇಕು. ಚಕ್ರಗಳಿಗೆ ಮರದ ಅಡೆ ಕೊಟ್ಟು, ಜಾಕಿಯಿಂದ ಎತ್ತಿದ ಕಾರಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಬೇಕು. ಬರೀ ಜಾಕಿಯನ್ನು ನಂಬಿ ಕಾರಿನಡಿ ಮೈ ಚಾಚಬಾರದು. ಈ ದ್ರವ ಬಿದ್ದರೆ ಕಾರಿನ ಬಣ್ಣ ಕಿತ್ತುಬರುತ್ತದೆ, ತಕ್ಷಣ ನೀರು ಸುರಿದು ತೊಳೆಯಬೇಕು. ನೀರಿನಲ್ಲಿ ಬೆರೆಯುವ ಗುಣ ಇಲ್ಲಿ ಉಪಕಾರಿ.

ಡಬ್ಬಿಯ ಸುತ್ತ ದೂಳು ಒರೆಸಿ, ಮುಚ್ಚಳ ತೆಗೆದು, ಸಿರಿಂಜಿನಿಂದ ಹಳೆಯ ದ್ರವದ ಹೆಚ್ಚಿನ ಪಾಲನ್ನು ಹೀರಿ ತೆಗೆಯಬೇಕು. ತಳದ ಕಿಂಡಿಗಳು ಬರಿದಾಗದಂತೆ ಒಂದಿಷ್ಟು ಉಳಿಸಿ ಹೊಸದನ್ನು ತುಂಬಬೇಕು. ಅನೇಕ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸುವುದು ರೂಢಿ. ಚಾಲಕ ಬಲಗಡೆ ಕೂರುವ ನಮ್ಮ ಕಾರುಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂಬ ಕ್ರಮ ಬರುತ್ತದೆ. ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದೇ ಪ್ರಮಾಣ.

ಚಕ್ರದ ಒಳಬದಿಯಲ್ಲಿ ರಬ್ಬರ್ ಟೋಪಿ ಹಾಕಿದ ಪುಟ್ಟ ನಿಪ್ಪಲ್ ಇರುತ್ತದೆ. ಅದಕ್ಕೆ ಸ್ಪ್ಯಾನರ್ ಹಾಕಿ, ಕೊಳವೆ ಸಿಕ್ಕಿಸಿ, ಕೊಳವೆಯ ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಇನ್ನು ಇಬ್ಬರ ಕೆಲಸ. ಎಂಜಿನ್ ಆಫ್ ಆಗಿರುವ ಕಾರಿನ ಸೀಟಿನಲ್ಲಿ ಮಗಳು, ಚಕ್ರದ ಬಳಿ ಅಪ್ಪ.

‘ಒತ್ತಮ್ಮಾ.’

‘ಒತ್ತಿದೆ ಅಪ್ಪಾ.’

ಅಪ್ಪ ನಿಪ್ಪಲನ್ನು ಕಾಲು ಸುತ್ತು ಸಡಿಲಿಸುತ್ತಾನೆ. ಹಳೆಯ ದ್ರವ ಕೊಳವೆಯಲ್ಲಿ ಹರಿಯುತ್ತದೆ, ಪೆಡಲ್ ಇಳಿಯುತ್ತದೆ.

‘ಕೆಳಗೆ ಬಂತು.’

‘ಬಿಡಬೇಡ, ತಾಳು.’ ನಿಪ್ಪಲ್ ಬಿಗಿಯಾಗುತ್ತದೆ. ‘ಹ್ಞಾಂ, ಈಗ ಬಿಡು.’

ನಿಪ್ಪಲ್ ಬಿಗಿಯಾಗುವ ಮೊದಲೇ ಕಾಲು ತೆಗೆದರೆ ಹೊರಗಿನ ಗಾಳಿ ಒಳಕ್ಕೆ ಹೀರಿಕೊಳ್ಳುತ್ತದೆ. ಇಡೀ ಕೆಲಸದ ಜೀವಾಳ ಈ ‘ತಾಳು’ ಮತ್ತು ‘ಬಿಡು’ಗಳ ನಡುವೆ ಇದೆ. ಕೊಳವೆಯಲ್ಲಿ ಗುಳ್ಳೆಯಿಲ್ಲದ ತಿಳಿ ದ್ರವ ಬರುವವರೆಗೂ ಹೀಗೆ ಮುಂದುವರಿಸಿ, ನಂತರ ಮುಂದಿನ ಚಕ್ರ. ಐದಾರು ಸಲ ಒತ್ತಿದ ಮೇಲೆ ಒಮ್ಮೆ ಡಬ್ಬಿ ನೋಡಿ ತುಂಬಬೇಕು. ಅದು ಬರಿದಾದರೆ ಮೊದಲಿನಿಂದ ಎಲ್ಲ ಮತ್ತೆ ಮಾಡಬೇಕಾಗುತ್ತದೆ. ಹಳೆಯ ಕಾರಿನಲ್ಲಿ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡುವುದು ಒಳ್ಳೆಯದು. ದಿನನಿತ್ಯ ತಲುಪದ ಆಳಕ್ಕೆ ಪಿಸ್ಟನ್ ಹೋದರೆ ಅಲ್ಲಿನ ತುಕ್ಕು, ಕೊಳೆ ಸೀಲನ್ನು ಕೆರೆಯಬಹುದು. ತುಕ್ಕು ಹಿಡಿದ ನಿಪ್ಪಲ್ ಜಗ್ಗದಿದ್ದರೆ ಬಲವಂತ ಬೇಡ. ಅದು ಮುರಿದರೆ ಖರ್ಚು ದೊಡ್ಡದು. ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ಗೆ ಹೇಳಿಕಳಿಸಬೇಕು.

ಕೊನೆಗೆ ಎಲ್ಲ ನಿಪ್ಪಲುಗಳನ್ನು ಹದವಾಗಿ ಬಿಗಿದು, ಮಟ್ಟ ‘ಮ್ಯಾಕ್ಸ್’ ಗೆರೆ ಮೀರದಂತೆ ತುಂಬಿ, ಮುಚ್ಚಳ ಹಾಕಬೇಕು. ಎಂಜಿನ್ ಚಾಲೂ ಮಾಡಿ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿದು, ನಾಲ್ಕೂ ಕಡೆ ತೊಟ್ಟಿಕ್ಕುತ್ತಿಲ್ಲ ಎಂದು ನೋಡಬೇಕು. ಪೆಡಲ್ ಸ್ವಲ್ಪ ಮೆತ್ತಗಿದ್ದರೂ ಕಾರು ಗೇಟು ದಾಟಬಾರದು. ಗಟ್ಟಿಯಿದ್ದರೂ ಮೊದಲ ಓಟ ಖಾಲಿ ಜಾಗದಲ್ಲಿ, ನಡಿಗೆಯ ವೇಗದಲ್ಲಿ.

ತೆಗೆದ ದ್ರವ ವಿಷ. ಅದನ್ನು ಚರಂಡಿಗಾಗಲಿ ಗಿಡದ ಬುಡಕ್ಕಾಗಲಿ ಸುರಿಯಬಾರದು. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡುವುದಂತೂ ಮಕ್ಕಳಿರುವ ಮನೆಯಲ್ಲಿ ಅನಾಹುತಕ್ಕೆ ದಾರಿ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆದು, ಹಳೆಯ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿಗೆ ಬೇರೆಯಾಗಿಯೇ ಒಪ್ಪಿಸಬೇಕು.

ಹತ್ತುವ ಗೇರಿನಲ್ಲೇ ಇಳಿ

ದ್ರವ ಹೊಸದಾದರೂ ಘಟ್ಟದ ನಿಯಮ ಬದಲಾಗದು. ಯಾವ ಗೇರಿನಲ್ಲಿ ಹತ್ತುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕು ಎನ್ನುವುದು ಹಳೆಯ ಬಸ್ ಚಾಲಕರ ಮಾತು. ಕೆಳಗಿನ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದು ನಿಲ್ಲಿಸುತ್ತದೆ, ಬ್ರೇಕಿಗೆ ವಿರಾಮ ಸಿಗುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿದ್ದು ಕಾಲು ತೆಗೆದಾಗ ಇಂಧನವನ್ನೇ ನಿಲ್ಲಿಸುತ್ತವೆ. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಎಂಜಿನ್ ಆಫ್ ಮಾಡಿದರೆ ಬೂಸ್ಟರಿನ ನೆರವೂ ಹೋಗುತ್ತದೆ.

ಇಷ್ಟಾಗಿಯೂ ಪೆಡಲ್ ಕುಸಿದರೆ ಬೇಗ ಬೇಗ ಒತ್ತಿ ಬಿಡುತ್ತ, ಗೇರ್ ಒಂದೊಂದೇ ಇಳಿಸುತ್ತ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು. ಕೈಯಿಂದ ಎಳೆಯುವ ಹ್ಯಾಂಡ್ ಬ್ರೇಕ್ ತಂತಿಯಿಂದ ನಡೆಯುತ್ತದೆ, ದ್ರವದ ಹಂಗು ಅದಕ್ಕಿಲ್ಲ. ಮೇಲಿನ ಕುಟುಂಬವನ್ನು ಉಳಿಸಿದ್ದೂ ಅದೇ.

ಆಯುಧಪೂಜೆಯ ದಿನ ಕಾರು ತೊಳೆದು, ಕುಂಕುಮ ಹಚ್ಚಿ, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಅದೇ ದಿನ ಬಾನೆಟ್ಟನ್ನೂ ಒಮ್ಮೆ ಎತ್ತುವ ರೂಢಿ ಮಾಡಿಕೊಂಡರೆ? ಮಳೆಗಾಲ ಮುಗಿದು ರಜೆಯ ಪ್ರವಾಸಕ್ಕೆ ಹೊರಡುವ ಮುಂಚಿನ ಹೊತ್ತಾದ್ದರಿಂದ ಅದಕ್ಕಿಂತ ಒಳ್ಳೆಯ ದಿನ ಸಿಗಲಾರದು. ದ್ರವ ಬದಲಿಸಿದ ತಿಂಗಳು, ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸುವ ಕೆಲಸ ಮನೆಯ ಮಕ್ಕಳದಾಗಲಿ. ಎರಡು ವರ್ಷ ತುಂಬಿದಾಗ ಅಪ್ಪ ಮರೆತರೂ ಅವರು ಮರೆಯಲಾರರು.